ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದರೆ ತಪ್ಪಾ?

ಪ್ರಶ್ನೆ: ಊರಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ನೆಟ್‌ವರ್ಕ್ ಅಷ್ಟಕ್ಕಷ್ಟೆ. ವಿಡಿಯೊ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಇಟ್ಟರೆ ಮರ್ಯಾದೆ ಕೊಡದ ಹಾಗೆ ಆಗುತ್ತಾ?

ಆಗುವುದಿಲ್ಲ. ಆದರೆ ಏನೂ ಹೇಳದೆ ಸುಮ್ನೆ ಆಫ್ ಮಾಡಬೇಡಿ. ಮೊದಲ ಎರಡು ನಿಮಿಷ ಮುಖ ತೋರಿಸಿ, ನಮಸ್ಕಾರ ಹೇಳಿ. ಆಮೇಲೆ "ಇಲ್ಲಿ ಸಿಗ್ನಲ್ ಕಮ್ಮಿ, ವಿಡಿಯೊ ನಿಲ್ಲಿಸ್ತೀನಿ, ಕೇಳಿಸ್ಕೊಳ್ತಾ ಇರ್ತೀನಿ" ಅನ್ನಿ. ಕಾರಣ ಗೊತ್ತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಝೂಮ್‌ನಲ್ಲಿ ಬರೀ ದನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಡೇಟಾ ಸಾಕು. ಇಬ್ಬರ ನಡುವಿನ ಕರೆಯಲ್ಲೇ ಚೆನ್ನಾಗಿ ಕಾಣುವ ವಿಡಿಯೊಗೆ ಸುಮಾರು 600 ಕಿಲೋಬಿಟ್ ಬೇಕು. ನಿಮ್ಮ ಕ್ಯಾಮೆರಾ ಆಫ್ ಮಾಡಿದರೆ ಉಳಿತಾಯ ಆಗುವುದು ನಿಮ್ಮ ಕಡೆಯಿಂದ ಹೋಗುವ ಡೇಟಾ (ಅಪ್‌ಲೋಡ್) ಮಾತ್ರ, ಬೇರೆಯವರ ವಿಡಿಯೊ ಬರುತ್ತಲೇ ಇರುತ್ತದೆ. ಅದನ್ನೂ ನಿಲ್ಲಿಸುವ ಆಯ್ಕೆ ಝೂಮ್‌ನಲ್ಲಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೆ.

ನನ್ನ ಪ್ರಕಾರ ಇಲ್ಲಿ ಮರ್ಯಾದೆ ಅನ್ನುವುದು ಮುಖಕ್ಕಿಂತ ದನಿಯ ವಿಷಯ. ನಿಮ್ಮ ಮುಖ ಕಾಣದಿದ್ದರೆ ಕೆಲಸ ನಿಲ್ಲುವುದಿಲ್ಲ. ಆದರೆ ನಿಮ್ಮ ಮನೆಯ ಕುಕ್ಕರ್ ಸೀಟಿ ಹೊಡೆದರೆ ಎಲ್ಲರ ಮಾತೂ ನಿಲ್ಲುತ್ತದೆ. ಮೈಕ್ ಮ್ಯೂಟ್‌ನಲ್ಲೇ ಇರಲಿ. ಕಂಪ್ಯೂಟರ್‌ನ ಝೂಮ್‌ನಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮೈಕ್ ಆನ್ ಆಗುತ್ತದೆ, "ಹ್ಞೂಂ, ಸರಿ" ಅನ್ನಲು ಅಷ್ಟು ಸಾಕು. ಇಯರ್‌ಫೋನ್ ಹಾಕಿಕೊಳ್ಳಿ. ಸ್ಪೀಕರಿನ ದನಿ ನಿಮ್ಮದೇ ಮೈಕ್‌ಗೆ ಹೊಕ್ಕರೆ ಮಾತಾಡುತ್ತಿರುವವರಿಗೆ ಅವರ ಮಾತೇ ತಿರುಗಿ ಕೇಳಿಸುತ್ತದೆ. ತೊಂದರೆ ನಿಮ್ಮ ಕಡೆಯದು, ಆದರೆ ನಿಮಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ!

ಇಬ್ಬರು ಒಟ್ಟಿಗೆ ಬಾಯಿ ತೆರೆದು, "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅನ್ನುವುದು ದಿನಾ ನಡೆಯುತ್ತೆ, ಅಲ್ವಾ? ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಇಂಟರ್ನೆಟ್‌ನಲ್ಲಿ ದನಿ ತಲುಪುವುದೇ ಅಷ್ಟು ತಡವಾಗಬಹುದು. ನಿಮ್ಮ ಊರಿನ ನೆಟ್‌ವರ್ಕ್‌ನಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ಎದುರಿನವರ ಮಾತು ಮುಗಿದ ಮೇಲೆ ಒಂದು ಉಸಿರು ತಡೆದು ಶುರುಮಾಡಿ. ಪ್ರಶ್ನೆ ಕೇಳುವಾಗ ಹೆಸರು ಹಿಡಿದು ಕೇಳಿ.

ಕ್ಯಾಮೆರಾ ಬೇಕೇ ಬೇಕು ಅನ್ನುವ ಕಡೆಗಳೂ ಇವೆ. ಕೆಲಸದ ಸಂದರ್ಶನ, ಕೋರ್ಟ್ ಕಲಾಪ. ಅಂಥ ದಿನ ಸಿಗ್ನಲ್ ಚೆನ್ನಾಗಿರುವ ಜಾಗ ಹಿಂದಿನ ದಿನವೇ, ಅದೇ ಹೊತ್ತಿಗೆ ನೋಡಿಟ್ಟುಕೊಳ್ಳಿ. ಕರೆ ಕಟ್ಟಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತಲೂ ಮೊದಲೇ ತಿಳಿಸಿ.