ಲೇಔಟ್ ಮಾಡೋ ಮುಂಚೆ ಆ ದಿಬ್ಬ ಯಾರಾದ್ರೂ ನೋಡ್ತಾರಾ?

ಕೋಲಾರ, ಮಾಲೂರು ಕಡೆ ಈಗ ಎಲ್ಲಿ ನೋಡಿದ್ರೂ ಲೇಔಟ್ ಬೋರ್ಡುಗಳೇ. ರಾಗಿ ಹೊಲಕ್ಕೆ ಜೆಸಿಬಿ ಇಳಿಯುತ್ತೆ, ಹಳೇ ಕಾಲದ ಊರು ಹಾಳಾಗಿ ಮಣ್ಣು ಮುಚ್ಚಿದ ದಿಬ್ಬ ಅಲ್ಲಿದ್ರೂ ನೋಡ್ತಾ ನೋಡ್ತಾ ನೆಲ ಮಟ್ಟ ಆಗಿ ಸೈಟ್ ಕಲ್ಲು ನೆಟ್ಟಾಗಿರುತ್ತೆ. ಆದ್ರೆ ಇದು ಎಂಥಾ ನೆಲ ಅಂತ ನೋಡಿ, ಗಂಗರು ತಲಕಾಡಿಗೆ ಹೋಗೋ ಮುಂಚೆ ರಾಜಧಾನಿ ಮಾಡ್ಕೊಂಡಿದ್ದ ಕುವಲಾಲ ಇದೇ ಕೋಲಾರ, ಅದಕ್ಕೂ ಎಷ್ಟೋ ಹಿಂದೆ ಇಲ್ಲಿ ನವಶಿಲಾಯುಗದ, ಅಂದ್ರೆ ನಯಮಾಡಿದ ಕಲ್ಲಿನ ಹತ್ಯಾರ ಬಳಸ್ತಿದ್ದ ಕಾಲದ ಜನ ಬಾಳಿದ್ರು ಅನ್ನೋದು 1980ರ ದಶಕದ ಬನಹಳ್ಳಿ ಉತ್ಖನನದಲ್ಲೇ ಗೊತ್ತಾಗಿದೆ.

ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆ ಶುರು ಮಾಡಿದ್ದು 1885ರಲ್ಲಿ. ಶಾಸನ ತಜ್ಞ ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ ಬಂದಿದ್ದು 1905ರಲ್ಲಿ. ಕಲ್ಲು ಯಾವ ಊರಲ್ಲಿದೆ, ಊರಿನ ಯಾವ ದಿಕ್ಕಿಗಿದೆ ಅಂತ ಕೂಡ ಬರೆದಿಟ್ಟಿದ್ದಾರೆ, ನಿಜಕ್ಕೂ ಕೈ ಮುಗಿಯೋ ಕೆಲಸ. ಆದ್ರೆ ಅಕ್ಷರ ಇದ್ದ ಕಲ್ಲು ಲೆಕ್ಕಕ್ಕೆ ಸಿಕ್ತು, ಅಕ್ಷರ ಇಲ್ಲದ ಹಾಳೂರು ದಿಬ್ಬಗಳು ಬಹುಪಾಲು ಹೊರಗೇ ಉಳಿದ್ವು.

ಆಮೇಲೆ ಸ್ಮಾರಕ, ಪುರಾತತ್ವ ನೆಲೆಗಳನ್ನ ಕಾಪಾಡೋ ಕಾನೂನು ಬಂತು, ಕೇಂದ್ರದ್ದು 1958ರಲ್ಲಿ, ರಾಜ್ಯದ್ದು 1961ರಲ್ಲಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು ಅನ್ನೋದು 1992ರ ಅಧಿಸೂಚನೆ, 2010ರಲ್ಲಿ ಅದನ್ನ ಕಾಯ್ದೆಗೇ ಸೇರಿಸಿದ್ರು. ಒಳ್ಳೇದೇ, ಆದ್ರೆ ಪಟ್ಟಿಯಲ್ಲಿ ಹೆಸರಿಲ್ಲದ ದಿಬ್ಬಕ್ಕೆ ಇದ್ಯಾವುದೂ ಅನ್ವಯ ಆಗಲ್ಲ. ಹೊಲನ ಸೈಟ್ ಮಾಡೋಕೆ ಬೇಕಾದ ಡಿಸಿ ಕನ್ವರ್ಷನ್‌ಗೆ ಪಹಣಿ, ಸ್ಕೆಚ್ ಎಲ್ಲಾ ಕೊಡ್ತೀವಿ, ಮಣ್ಣಿನಡಿ ಏನಿದೆ ಅಂತ ಮೊದ್ಲು ಅಗೆದು ನೋಡ್ಬೇಕು ಅನ್ನೋ ಷರತ್ತು ಮಾತ್ರ ಇಲ್ಲ. ಇಂಗ್ಲೆಂಡ್‌ನಲ್ಲಿ 1990ರಲ್ಲೇ ಮನೆ ಕಟ್ಟೋ ಪರ್ಮಿಷನ್ ಜೊತೆಗೇ ಈ ತನಿಖೆಯನ್ನೂ ಸೇರಿಸಿದ್ರು, ಖರ್ಚು ಸಾಮಾನ್ಯವಾಗಿ ಬಿಲ್ಡರ್‌ದೇ.

ಹಾಗಂತ ಲೇಔಟೇ ಬೇಡ ಅಂತಲ್ಲ. ಮೊದ್ಲು ಹೊಲ ಪೂರ್ತಿ ನಡೆದು ಮೇಲೆ ಬಿದ್ದಿರೋ ಚೂರುಗಳನ್ನ ನೋಡೋದು, ಅನುಮಾನ ಬಂದ ಕಡೆ ಒಂದೆರಡು ಸಣ್ಣ ಗುಂಡಿ ಅಗೆದು ಪದರ ಪದರವಾಗಿ ಮಣ್ಣು ತೆಗೆಯೋದು, ಅಷ್ಟೇ. ಒಳಗೂ ಬಾಯಂಚಲ್ಲೂ ಕಪ್ಪು, ಹೊರಗೆ ಕೆಂಪು ಇರೋ ಮಡಕೆ ಚೂರು ಸಿಕ್ರೆ ಅದು ಬಹುಶಃ ಬೃಹತ್ ಶಿಲಾಯುಗದ್ದು, ಅಂದ್ರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ತಿದ್ದ ಕಾಲದ್ದು, ಮಡಕೆನ ಬೋರಲು ಹಾಕಿ ಸುಟ್ಟಿದ್ರಿಂದ ಗಾಳಿ ತಾಗದ ಭಾಗ ಕಪ್ಪಾಗಿದೆ ಅಂತಾರೆ ತಜ್ಞರು. ಅಂಥಾ ಚೂರು ಬೂದಿ, ಮೂಳೆ ಜೊತೆ ಒಂದೇ ಪದರದಲ್ಲಿದ್ರೆ ಜನ ಅಲ್ಲಿ ವಾಸ ಇದ್ರಾ, ಏನು ತಿಂತಿದ್ರು ಅಂತ ತಿಳಿಯಬಹುದು. ಜೆಸಿಬಿ ಒಂದ್ಸಲ ಕಲಸಿಬಿಟ್ರೆ ಚೂರು ಸಿಗುತ್ತೆ, ಕತೆ ಸಿಗಲ್ಲ.

ನಿಮ್ಮೂರ ಹತ್ರ ಇಂಥಾ ದಿಬ್ಬನೋ ವೀರಗಲ್ಲೋ ಇದ್ರೆ, ಎತ್ತಿ ಗುಡಿ ಮುಂದೆ ತಂದಿಡ್ಬೇಡಿ. ಇದ್ದಲ್ಲೇ ಫೋಟೋ ತೆಗೀರಿ, ಲೊಕೇಶನ್, ಸರ್ವೆ ನಂಬರ್ ಬರ್ಕೊಳ್ಳಿ, ಕನ್ವರ್ಷನ್ ಆಗೋಕೆ ಮುಂಚೆನೇ ಪುರಾತತ್ವ ಇಲಾಖೆಗೂ ತಹಶೀಲ್ದಾರ್‌ಗೂ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.