ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಬಿಸಿಯಾಗುವುದೇಕೆ?

ಪ್ರಶ್ನೆ: ದಿನಾ ಸಿಂಧನೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ಮುಚ್ಚಿ ಬ್ಯಾಗಿಗೆ ಹಾಕಿದರೂ ಇಳಿಯುವಷ್ಟರಲ್ಲಿ ಬಿಸಿಯಾಗಿ, ಅರ್ಧ ಚಾರ್ಜ್ ಖಾಲಿ. ಬ್ಯಾಟರಿ ಬದಲಿಸಲೇ?

ಉತ್ತರ: ಸ್ವಲ್ಪ ತಾಳಿ. ಬ್ಯಾಟರಿ ಹಳತಾದರೆ ಚಾರ್ಜ್ ಬೇಗ ಮುಗಿಯುತ್ತದೆ ನಿಜ, ಆದರೆ ಮಲಗಿದ ಯಂತ್ರ ಬಿಸಿಯಾಗುವುದಿಲ್ಲ. ಒಳಗೆ ಯಾರೋ ಎಚ್ಚರವಾಗಿದ್ದಾರೆ. ನನ್ನ ಅನುಮಾನ ಡ್ರೈವರ್ ಮೇಲೆ, ಅಂದರೆ ವೈಫೈ, ಮೌಸ್‌ನಂಥ ಒಂದೊಂದು ಸಾಧನವನ್ನು ನಡೆಸುವ ಪುಟ್ಟ ತಂತ್ರಾಂಶದ ಮೇಲೆ.

ಮುಚ್ಚಿದಾಗ ಲಿನಕ್ಸಿನ ತಿರುಳಾದ ಕರ್ನಲ್ ಒಂದೊಂದೇ ಡ್ರೈವರನ್ನು ಕರೆದು 'ನಿನ್ನ ಸಾಧನವನ್ನು ಮಲಗಿಸು' ಎನ್ನುತ್ತದೆ. ಒಬ್ಬ ಆಗದು ಎಂದರೂ ಇಡೀ ನಿದ್ರೆ ರದ್ದು. ಮಲಗಿದವರೂ ಮತ್ತೆ ಏಳಬೇಕು. ಹಾಗಾಗಿ 'ವೈಫೈ ಓಡುತ್ತದಲ್ಲ, ಡ್ರೈವರ್ ಚೆನ್ನಾಗಿದೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸವಿಲ್ಲದಾಗ ಮಲಗಬೇಕು, ಎದ್ದಾಗ ರಿಜಿಸ್ಟರುಗಳೆಲ್ಲ (ಸಾಧನದ ಸೆಟ್ಟಿಂಗ್‌ಗಳಿರುವ ಪುಟ್ಟ ಜಾಗಗಳು) ಮೊದಲಿನಂತೆಯೇ ಇರಬೇಕು.

ಯಂತ್ರ ಚಾಲೂ ಇರುವಾಗಲೇ ಸುಮ್ಮನಿರುವ ಸಾಧನವನ್ನು ಮಲಗಿಸುವ 'ರನ್‌ಟೈಮ್ ಪಿಎಂ' (ಪವರ್ ಮ್ಯಾನೇಜ್‌ಮೆಂಟ್) 2009ರಲ್ಲಿ ಕರ್ನಲ್ 2.6.32ರೊಂದಿಗೆ ಬಂತು. ಅದು ನಡೆಯುವುದು ಎಣಿಕೆಯ ಮೇಲೆ. ಸಾಧನವನ್ನು ಹಾಸ್ಟೆಲ್ಲಿನ ಓದುವ ಕೋಣೆ, ಅದನ್ನು ಬಳಸುವವರನ್ನು ಒಳಗೆ ಬಂದವರು ಅಂದುಕೊಳ್ಳಿ: ಒಳಗೆ ಬಂದವರ ಲೆಕ್ಕ ಬರೆದು, ಹೋದವರದ್ದು ಹೊಡೆದು, ಸೊನ್ನೆಯಾದರೆ ಫ್ಯಾನ್ ಆಫ್. ಸಾಧನವನ್ನು ಎಬ್ಬಿಸುವ ಹಳೆಯ ಒಂದು ಕರ್ನಲ್ ಫಂಕ್ಷನ್ನು (ಕೋಡಿನ ತುಣುಕು), ಎಬ್ಬಿಸಲಾಗದಿದ್ದಾಗಲೂ, ಬಾಗಿಲಲ್ಲೇ ವಾಪಸಾದವನ ಹೆಸರನ್ನೂ ಪುಸ್ತಕದಲ್ಲಿ ಉಳಿಸುತ್ತಿತ್ತು. ಅದನ್ನು ಹೊಡೆಯಲು ಮರೆತ ಡ್ರೈವರುಗಳಲ್ಲಿ ಲೆಕ್ಕ ಸೊನ್ನೆಗೆ ಬರುತ್ತಲೇ ಇರಲಿಲ್ಲ. 2020ರಲ್ಲಿ, ಸೋತರೆ ಲೆಕ್ಕವನ್ನೂ ತಾನೇ ಇಳಿಸುವ ಹೊಸ ಫಂಕ್ಷನ್ ಸೇರಿತು. ಕೋಡ್ ಪರಿಶೀಲಿಸುವವರು ಮೊದಲು ಕಣ್ಣಾಡಿಸುವ ಜಾಗಗಳಲ್ಲಿ ಇದೊಂದು.

ಇನ್ನೊಂದು, ಮಲಗಿದ ಯಂತ್ರವನ್ನು ಎಬ್ಬಿಸುವ ಹಕ್ಕು. ಪವರ್ ಬಟನ್, ಕೀಬೋರ್ಡ್‌ನಂಥವು ಬಿಟ್ಟರೆ ಉಳಿದ ಸಾಧನಗಳಿಗೆ ಅದು ತಾನಾಗಿ ಇರಬಾರದು ಎಂಬುದು ಕರ್ನಲ್ ರೂಢಿ. ನಾನು ಇಲ್ಲೇ ಮೋಸಹೋಗಿದ್ದು. ವೈರ್‌ಲೆಸ್ ಮೌಸಿನ ರಿಸೀವರ್ ಲ್ಯಾಪ್‌ಟಾಪ್‌ನಲ್ಲೇ ಇತ್ತು, ಮೌಸ್ ಅದೇ ಬ್ಯಾಗಿನಲ್ಲಿ. ರಿಸೀವರ್ ತನ್ನನ್ನು ಕೀಬೋರ್ಡ್ ಎಂದೂ ಹೇಳಿಕೊಳ್ಳುತ್ತದೆ! ಲಿಂಗಸೂಗೂರು ರಸ್ತೆಯ ಒಂದೊಂದು ಗುಂಡಿಗೂ ಲ್ಯಾಪ್‌ಟಾಪ್ ಎದ್ದು ಕೂರುತ್ತಿತ್ತು. ಅಷ್ಟರೊಳಗೆ ಹೊಸ ಬ್ಯಾಟರಿ ಕೊಂಡಾಗಿತ್ತು.

ನೀವು ಮೊದಲು ರಿಸೀವರ್ ಕಿತ್ತು ನೋಡಿ. ಆಗಲೂ ಬಿಸಿಯಾದರೆ ಕರ್ನಲ್ ಲಾಗ್‌ನಲ್ಲಿ (ಕರ್ನಲ್ ಬರೆದಿಡುವ ದಿನಚರಿ) 'ಫೇಲ್ಡ್ ಟು ಸಸ್ಪೆಂಡ್' ಹುಡುಕಿ. ಆ ಸಾಲಲ್ಲೇ ಸಾಧನದ ಹೆಸರು ಸಿಗಬಹುದು, ಮೈನಸ್ 16 ಎಂದಿದ್ದರೆ 'ಕೆಲಸದಲ್ಲಿದ್ದೇನೆ' ಎಂದರ್ಥ. ಕರ್ನಲ್ ಅಭಿವೃದ್ಧಿಪಡಿಸುವವರಿಗೆ ದೂರು ಕೊಡುವಾಗ ಯಾವ ಕರ್ನಲ್ ಆವೃತ್ತಿಯವರೆಗೆ ಸರಿಯಿತ್ತು ಎಂದು ತಪ್ಪದೆ ಬರೆಯಿರಿ, ಸರಿಯಿದ್ದದ್ದು ಕೆಟ್ಟರೆ ಅಲ್ಲಿ ಬೇಗ ಕಿವಿಗೊಡುತ್ತಾರೆ. ಅಲ್ಲಿಯವರೆಗೆ ಬಸ್ ಹತ್ತುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ. ಮೇ ತಿಂಗಳ ರಾಯಚೂರಿನಲ್ಲಿ ಬ್ಯಾಗಿಗೆ ಹೊರಗಿನ ಬಿಸಿಲೇ ಸಾಕು.