ಹುಟ್ಟಿದ ತಾರೀಖು ಗೊತ್ತಿಲ್ಲದವರ ಹೃದಯದ ಲೆಕ್ಕ

ಕಲಬುರಗಿ, ಬೀದರ್ ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ 1948ರಲ್ಲೇ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 5,209 ಜನರ ಹೃದಯದ ಮೇಲೆ ಕಣ್ಣಿಡುವ ಅಧ್ಯಯನ ಶುರುವಾಯಿತು. ಹೃದಯಾಘಾತದ ಅಪಾಯವನ್ನು ಮೊದಲೇ ಅಂದಾಜು ಮಾಡುವ ಸೂತ್ರಗಳ ಬೇರು ಅಲ್ಲಿದೆ. ಆದರೆ ಅವರು ಬಹುತೇಕ ಬಿಳಿಯರು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಗಳಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ಕ್ಕೇ ಬಂದಿತ್ತು, ಉಳಿದವರಿಗೆ 59ರ ಹೊತ್ತಿಗೆ. ಒಂದೂರಿನ ಅಳತೆಗೋಲು ಇನ್ನೊಂದೂರಿಗೆ ಕೂಡುವುದಿಲ್ಲ ಎಂದು ಖಚಿತವಾದ ಮೇಲೆ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತನ್ನು 21 ಪ್ರದೇಶ ಮಾಡಿ ಒಂದೊಂದಕ್ಕೂ ಬೇರೆ ಚಾರ್ಟ್ ಕೊಟ್ಟಿತು. ನಮಗೆ ಬೇಕಾದ್ದು ದಕ್ಷಿಣ ಏಷ್ಯಾದ್ದು.

ರಕ್ತ ಪರೀಕ್ಷೆ ಬೇಡದ ಚಾರ್ಟೂ ಅದರಲ್ಲಿದೆ. ವಯಸ್ಸು, ಗಂಡೋ ಹೆಣ್ಣೋ, ಬೀಡಿ-ಸಿಗರೇಟು, ಮೇಲಿನ ಬಿ.ಪಿ. (ಎರಡು ಅಂಕಿಯಲ್ಲಿ ದೊಡ್ಡದು), ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಇಷ್ಟಿದ್ದರೆ ಮುಂದಿನ 10 ವರ್ಷದ ಅಪಾಯ ಬಣ್ಣದ ಚೌಕದಲ್ಲಿ ಸಿಗುತ್ತದೆ. ಎಡವುವುದು ಈ ಐದರಲ್ಲೇ.

ಎಲ್ಲಕ್ಕಿಂತ ಭಾರ ವಯಸ್ಸಿನದು. ಎಷ್ಟೋ ಹಳ್ಳಿಗರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಅದು ಬರೆದವರ ಅಂದಾಜು. ಚಾರ್ಟಿನ ಚೌಕಗಳು ಐದೈದು ವರ್ಷದವು, ಮೂರು ವರ್ಷ ತಪ್ಪಿದರೂ ಬಣ್ಣ ಬದಲಾಗಬಹುದು. "72ರ ಬರದಾಗ ನೀವು ಎಷ್ಟು ದೊಡ್ಡವರಿದ್ರಿ?" ಎಂದು ಕೇಳಿದರೆ ಕಾರ್ಡಿಗಿಂತ ಹತ್ತಿರದ ಉತ್ತರ ಬರುತ್ತದೆ. ಚಾರ್ಟ್ 40ರಿಂದ 74ರವರೆಗೆ ಮಾತ್ರ. 35ರ ಬೀಡಿ ಸೇದುವವನಿಗೆ ಅದು ಏನೂ ಹೇಳದು, ಹಾಗಂತ ಅವನು ಕ್ಷೇಮ ಎಂದಲ್ಲ.

ಬಿ.ಪಿ. ಸಾಲುಗಳು 120, 140, 160, 180ಕ್ಕೆ ಮುರಿಯುತ್ತವೆ. ಬಿಸಿಲಲ್ಲಿ ನಡೆದು ಬಂದವರನ್ನು ನಿಲ್ಲಿಸಿಯೇ ಪಟ್ಟಿ ಸುತ್ತಿದರೆ 134 ಇದ್ದದ್ದು 142 ಆಗಿಬಿಡಬಹುದು. 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಮೂತ್ರಕ್ಕೆ ಹೋಗಿ ಬರಲು ಹೇಳಿ, ಮಾತು ಬೇಡ. ತೋಳು ಎದೆಮಟ್ಟಕ್ಕಿರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಸರಾಸರಿ ಬರೆಯಿರಿ.

ಗುಟ್ಖಾ, ತಂಬಾಕು ಜಗಿಯುವುದಕ್ಕೆ ಚಾರ್ಟಿನಲ್ಲಿ ಜಾಗವಿಲ್ಲ. ಆಶಾ ಕಾರ್ಯಕರ್ತೆಯರು ತುಂಬುವ ಸಿಬಿಎಸಿ ನಮೂನೆ (ರೋಗದ ಅಪಾಯ ಗುರುತಿಸುವ ಪ್ರಶ್ನೆಗಳ ಹಾಳೆ) ಅದನ್ನೂ ಎಣಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ವಾಸಿ. ರಕ್ತ ಪರೀಕ್ಷೆಯಿಲ್ಲದ ಈ ಚಾರ್ಟಿಗೆ ಶುಗರ್ ಗೊತ್ತಿಲ್ಲ, ಹಾಗಾಗಿ ಮಧುಮೇಹಿಗಳ ಅಪಾಯವನ್ನು ಕಡಿಮೆ ತೋರಿಸುತ್ತದೆ. ಅಂಥವರಿಗೆ ಕೊಲೆಸ್ಟ್ರಾಲ್ ನೋಡಿ ಇನ್ನೊಂದು ಚಾರ್ಟನ್ನೇ ಬಳಸಬೇಕು. ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ಯಾವ ಚಾರ್ಟೂ ಬೇಡ, ಅವರು ಆಗಲೇ ಹೆಚ್ಚು ಅಪಾಯದವರು.

"ಗ್ಯಾಸ್ ಆಗ್ಯಾದ" ಎಂದು ಎದೆ ಒತ್ತಿಕೊಂಡು ಬಂದವರ ಮುಂದೆಯಂತೂ ಈ ಚಾರ್ಟನ್ನು ತೆಗೆಯಲೇಬೇಡಿ. ಅಲ್ಲಿ ಬೇಕಿರುವುದು 10 ನಿಮಿಷದೊಳಗೆ ಇಸಿಜಿ.